ತೋಟದ ಹೆಸರು ಲೋಟಕ್ಕೆ ಬಂದ ಹಾದಿ

ತೊಂಬತ್ತರ ದಶಕದ ಆರಂಭದಲ್ಲಿ ಓದಲೆಂದು ಬೆಂಗಳೂರಿಗೆ ಬಂದಾಗ, ಈ ಊರಿನ ಬೀದಿಗಳು ನನಗೆ ಪರಿಚಯವಾದದ್ದು ಕಾಫಿಪುಡಿ ಅಂಗಡಿಗಳ ಘಮದಿಂದ. ಗಾಂಧಿ ಬಜಾರಿನಲ್ಲಿ ಹೂವು, ಹಣ್ಣಿನ ಗದ್ದಲ ದಾಟುತ್ತಿದ್ದಂತೆ ಹುರಿದ ಬೀಜದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮಲ್ಲೇಶ್ವರದಲ್ಲೂ ಹಾಗೆಯೇ, ಜಯನಗರದಲ್ಲೂ ಹಾಗೆಯೇ. ಕೈಚೀಲ ಹಿಡಿದು ನಿಂತವರು ತಮ್ಮ ಮನೆಯ ಅಳತೆಯನ್ನು ತಡವರಿಸದೆ ಹೇಳುತ್ತಿದ್ದರು: “ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್ ಎ, ಚಿಕೋರಿ ಇಪ್ಪತ್ತು.” ಅಂಗಡಿಯವರು ಬೀಜ ತೂಗಿ, ಯಂತ್ರಕ್ಕೆ ಸುರಿದು, ಚಿಕೋರಿ ಬೆರೆಸಿ, ಬಿಸಿಬಿಸಿ ಪುಡಿಯನ್ನು ಪೊಟ್ಟಣಕ್ಕೆ ತುಂಬಿ ಕೊಡುತ್ತಿದ್ದರು. ಬಸ್ಸು ಹತ್ತಿ ಕೂತ ಮೇಲೂ ಆ ಪೊಟ್ಟಣ ತೊಡೆಯ ಮೇಲೆ ಬೆಚ್ಚಗಿರುತ್ತಿತ್ತು.

ಅಂಗಡಿಯ ಹಲಗೆಯ ಮೇಲಿನ ಹೆಸರುಗಳೆಲ್ಲ ನನಗೆ ಗೊತ್ತಿದ್ದವು. ಬಾಳೆಹೊನ್ನೂರಿನ ಕಡೆಯ ಸಣ್ಣ ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವಳು ನಾನು. ಹಣ್ಣು ಕಾಫಿಯನ್ನು ಪಲ್ಪರಿಗೆ ಹಾಕಿ, ಲೋಳೆ ತೊಳೆದು, ಒಣಗಿಸಿದ ಅರೇಬಿಕಾ ಬೀಜ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ಕಳಚಿಕೊಂಡರೆ ‘ಪ್ಲಾಂಟೇಷನ್’ ಎನಿಸಿಕೊಳ್ಳುತ್ತದೆ. ಎ, ಬಿ, ಸಿ ಎನ್ನುವುದು ಗಾತ್ರದ ಲೆಕ್ಕ. ಹಣ್ಣಿನೊಳಗೆ ಎರಡು ಬೀಜದ ಬದಲು ದುಂಡಗಿನ ಒಂದೇ ಬೀಜ ಕಟ್ಟಿದರೆ ಅದು ಪೀಬೆರಿ. ಸಿಪ್ಪೆಸಮೇತ ಒಣಗಿಸಿದ್ದು ಚೆರಿ. ಡಿಸೆಂಬರ್ ಬಂತೆಂದರೆ ಕಾಫಿ ಕಣದಲ್ಲಿ ಬೀಜ ಕೆದಕುವುದು, ಮೋಡ ಕಂಡ ಕೂಡಲೇ ಗುಡ್ಡೆ ಮಾಡಿ ಟಾರ್ಪಾಲು ಎಳೆಯುವುದು ನಮ್ಮ ಮನೆಯ ಮಕ್ಕಳೆಲ್ಲರ ಕೆಲಸ. ಆದರೆ ಬೀಜ ಯಾವ ಊರಿನದು, ಯಾರ ತೋಟದ್ದು ಎಂಬ ಮಾಹಿತಿ ಆ ಹಲಗೆಗಳಲ್ಲಿ ಎಲ್ಲೂ ಇರುತ್ತಿರಲಿಲ್ಲ. ಕೊಳ್ಳುವವರು ಕೇಳುತ್ತಿರಲಿಲ್ಲ. ಕೇಳಿದ್ದರೂ ಅಂಗಡಿಯವರಿಗೆ ತಿಳಿಯುವ ದಾರಿ ಇರಲಿಲ್ಲ.

ಆ ದಾರಿ ಇಲ್ಲದಿದ್ದುದು ಕಾಫಿ ಪೂಲ್ ಎಂಬ ವ್ಯವಸ್ಥೆಯಿಂದಾಗಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹೊರದೇಶದ ಮಾರುಕಟ್ಟೆ ಕೈತಪ್ಪಿ ಬೆಳೆಗಾರರು ಕಂಗಾಲಾದಾಗ, 1942ರ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕು, ಬೋರ್ಡು ಅದನ್ನೆಲ್ಲ ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಕಂತುಗಳಲ್ಲಿ ಹಂಚಬೇಕು. ಸಣ್ಣ ಹಿಡುವಳಿಯವರು ದಲ್ಲಾಳಿಗಳ ಕೈಗೆ ಸಿಕ್ಕಿ ನೆಲಕಚ್ಚದಂತೆ ಈ ಏರ್ಪಾಟು ದಶಕಗಳ ಕಾಲ ಕಾಪಾಡಿತು. ಅಪ್ಪಯ್ಯ ಅದನ್ನು ಕೊನೆಯವರೆಗೂ ಕೃತಜ್ಞತೆಯಿಂದ ನೆನೆಯುತ್ತಿದ್ದರು. ಆದರೆ ಒಪ್ಪಿಸಿದ ಗಳಿಗೆಯಲ್ಲಿ ತೋಟಕ್ಕೂ ಬೀಜಕ್ಕೂ ಇದ್ದ ನಂಟು ಕಡಿದುಹೋಗುತ್ತಿತ್ತು. ನಾವು ಇಷ್ಟು ಜೋಪಾನ ಮಾಡಿ ಒಣಗಿಸಿದ ಕಾಫಿಯ ರುಚಿ ಹೇಗಿತ್ತು ಎಂದು ನಮಗೆ ತಿಳಿಸುವವರು ಯಾರೂ ಇರಲಿಲ್ಲ.

ನಾವಂತೂ ಅದನ್ನು ಕುಡಿಯುತ್ತಿರಲಿಲ್ಲ. ಒಳ್ಳೆಯ ಬೀಜ ಚೀಲ ಸೇರುತ್ತಿತ್ತು. ಗಿಡದ ಬುಡದಲ್ಲಿ ಉದುರಿದ್ದನ್ನು, ಹಕ್ಕಿ ಕಚ್ಚಿ ಬಿಟ್ಟಿದ್ದನ್ನು ಆಯ್ದು ತಂದು ಒಣಗಿಸಿದರೆ ಅದೇ ಮನೆ ಕಾಫಿ. ಅಜ್ಜಿ ಅದನ್ನು ಕಬ್ಬಿಣದ ಬಾಣಲೆಯಲ್ಲಿ ಕಪ್ಪಗಾಗುವವರೆಗೆ ಹುರಿದು, ಪುಡಿ ಮಾಡಿ, ಬೆಲ್ಲದ ನೀರಿಗೆ ಹಾಕಿ ಕುದಿಸಿ ಸೋಸುತ್ತಿದ್ದರು. ಮಳೆಗಾಲದಲ್ಲಿ ಗದ್ದೆ ಕೆಲಸ ಮುಗಿಸಿ ಕಂಬಳಿ ಕೊಡವಿ ಬಂದವರಿಗೆ ಆ ಬೆಲ್ಲದ ಕಾಫಿ ಕೊಟ್ಟಷ್ಟು ಸುಖವನ್ನು ಯಾವ ಕೆಫೆಯೂ ಕೊಡಲಾರದು. ಆದರೂ ನಮ್ಮ ತೋಟದ ಅತ್ಯುತ್ತಮ ಹಣ್ಣಿನ ರುಚಿ ನಮ್ಮ ನಾಲಿಗೆಗೆ ಅಪರಿಚಿತವಾಗಿಯೇ ಉಳಿದಿತ್ತು.

ಬೆಂಗಳೂರಿನಲ್ಲಿ ನಾನು ಮೊದಲು ಒಲಿದ ಜಾಗ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್. ಬಿಳಿ ಉಡುಪು, ತಲೆಗೆ ಪೇಟ, ಸೊಂಟಕ್ಕೆ ಅಗಲ ಪಟ್ಟಿ ತೊಟ್ಟ ಸಪ್ಲೈಯರುಗಳು ಪಿಂಗಾಣಿ ಕಪ್ಪಿನಲ್ಲಿ ತಂದಿಡುತ್ತಿದ್ದ ಕಾಫಿಗೆ ಹಾಸ್ಟೆಲಿನ ಹುಡುಗಿಯರು ಗಂಟೆಗಟ್ಟಲೆ ಕೂತರೂ ಯಾರೂ ಏಳಿ ಎನ್ನುತ್ತಿರಲಿಲ್ಲ. ಆ ಕಾಫಿ ಹೌಸಿನ ಹಿಂದೆ ಒಂದು ದೊಡ್ಡ ಕಥೆಯೇ ಇತ್ತು. ಐವತ್ತರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಾವೇ ಒಡೆಯರಾದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. ನಮಗೆ ಕಾಫಿ ತಂದುಕೊಡುತ್ತಿದ್ದವರು ಆ ಹೋಟೆಲಿನ ಪಾಲುದಾರರೂ ಆಗಿದ್ದರು ಎಂದು ತಿಳಿದ ದಿನ ಅವರ ನಡಿಗೆಯಲ್ಲಿದ್ದ ಗಾಂಭೀರ್ಯ ಅರ್ಥವಾಯಿತು. 2009ರಲ್ಲಿ ಎಂ.ಜಿ. ರಸ್ತೆಯ ಆ ಜಾಗ ಬಿಡಬೇಕಾಗಿ ಬಂದು ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಹೋಯಿತು. ನಾನು ಇಂದಿಗೂ ಅಲ್ಲಿಗೆ ಹೋಗುತ್ತೇನೆ.

ಇನ್ನೊಂದು ಬೆಂಗಳೂರು ನಿಂತುಕೊಂಡೇ ಕಾಫಿ ಕುಡಿಯುತ್ತಿತ್ತು. ಎಂಬತ್ತರ ದಶಕದಲ್ಲಿ ಶುರುವಾದ ದರ್ಶಿನಿಗಳು ನಾನು ಬಂದ ಹೊತ್ತಿಗೆ ಬಡಾವಣೆಗೊಂದರಂತೆ ಹಬ್ಬಿದ್ದವು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಫುಟ್‌ಪಾತಿನ ಮೇಲೆ ನಿಂತು ಇಡ್ಲಿ ವಡೆ ಮುಗಿಸಿ, ಬೈಟು ಕಾಫಿ ಹಿಡಿದುಕೊಂಡು ಹರಟುವುದು. 1943ರಿಂದ ನಡೆದುಬಂದ ವಿದ್ಯಾರ್ಥಿ ಭವನದಲ್ಲಿ ದೋಸೆಗಾಗಿ ಕಾದು ಕೂತು, ಕೊನೆಯಲ್ಲಿ ನೊರೆ ಕಾಫಿ ಕುಡಿದು ಏಳುವುದು. 1924ರಷ್ಟು ಹಳೆಯದಾದ ಎಂ.ಟಿ.ಆರ್.ನಲ್ಲಿ ಬೆಳ್ಳಿ ಲೋಟದ ಕಾಫಿ. ಗಟ್ಟಿ ಡಿಕಾಕ್ಷನ್, ಕುದಿವ ಹಾಲು, ಮೇಲಿಂದ ಎತ್ತಿ ಹೊಯ್ದ ನೊರೆ: ಈ ಮೂರರಲ್ಲಿ ಪಳಗಿದ ಕೈಗಳಿದ್ದವು ಅಲ್ಲಿ. ಚಿಕೋರಿ ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದತನ ಕೊಡುತ್ತಿತ್ತು, ಕಪ್ಪಗೆ ಹುರಿದ ಬೀಜ ಹಾಲಿನ ನಡುವೆಯೂ ಕಳೆದುಹೋಗದ ಕಹಿ ಕೊಡುತ್ತಿತ್ತು. ಹಾಲಿಗೆ ಹೊಂದುವ ಕಾಫಿಯನ್ನು ಈ ಊರು ತಲೆಮಾರುಗಳ ಅನುಭವದಿಂದ ರೂಪಿಸಿಕೊಂಡಿತ್ತು. ಅದನ್ನು ಹಳೆಯ ಕಾಲದ್ದೆಂದು ಪಕ್ಕಕ್ಕಿಡುವವರ ಮಾತನ್ನು ನಾನು ಎಂದೂ ಒಪ್ಪಿಲ್ಲ.

1996 ಎರಡು ಬದಲಾವಣೆಗಳನ್ನು ಒಟ್ಟಿಗೆ ತಂದಿತು. ತೊಂಬತ್ತರ ದಶಕದ ಆರಂಭದಿಂದ ಹಂತಹಂತವಾಗಿ ಸಡಿಲವಾಗುತ್ತಿದ್ದ ಪೂಲ್ ಆ ವರ್ಷ ಪೂರ್ತಿ ತೆರವಾಯಿತು. ಬೆಳೆಗಾರರು ತಮ್ಮ ಕಾಫಿಯನ್ನು ಬೇಕಾದವರಿಗೆ ಮಾರಬಹುದಾಯಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಅದನ್ನು ಕಟ್ಟಿದ ವಿ.ಜಿ. ಸಿದ್ಧಾರ್ಥ ನಮ್ಮದೇ ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯವರು. ಕಂಪ್ಯೂಟರಿನ ಮುಂದೆ ಕೂತು ಇಂಟರ್ನೆಟ್ ನೋಡುತ್ತಾ ಕ್ಯಾಪುಚಿನೊ ಕುಡಿಯುವ ಆ ಜಾಗಕ್ಕೆ ಗೆಳತಿಯರೊಂದಿಗೆ ಹೋಗಿ ಕೂತಾಗ ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ಮಲೆನಾಡಿನ ಬೀಜವೊಂದು ನಗರದ ಹೊಳೆಯುವ ಬೀದಿಯಲ್ಲಿ ತನ್ನದೇ ಅಂಗಡಿ ಇಟ್ಟಿತ್ತು. ಮುಂದೆ ಊರೂರಿನ ಹುಡುಗ ಹುಡುಗಿಯರು ಮಾತಾಡಲು, ಕೆಲಸ ಹುಡುಕಲು, ಮದುವೆ ನಿಶ್ಚಯಿಸಿಕೊಳ್ಳಲು ಕೂರುವ ಜಾಗ ಅದಾಯಿತು. 2019ರ ಜುಲೈಯಲ್ಲಿ ನೇತ್ರಾವತಿಯ ದಂಡೆಯಿಂದ ಅವರ ಸಾವಿನ ಸುದ್ದಿ ಬಂದಾಗ ನಮ್ಮ ಊರುಗಳಲ್ಲಿ ಅಂಗಡಿಗಳು ಬಾಗಿಲು ಮುಚ್ಚಿದವು. ಅವರ ಪರಿಚಯವೇ ಇಲ್ಲದ ಸಣ್ಣ ಬೆಳೆಗಾರರೂ ಕಣ್ಣೀರಿಟ್ಟರು. ನಾನೂ ಅತ್ತೆ.

ಆದರೆ ತೋಟದ ಹೆಸರು ಲೋಟದವರೆಗೆ ಬರಲು ಇನ್ನೂ ಕಾಲ ಬೇಕಾಯಿತು. 2010ರ ನಂತರದ ವರ್ಷಗಳಲ್ಲಿ ಇಂದಿರಾನಗರ, ಕೋರಮಂಗಲ, ಜಯನಗರದ ಹಳೆಯ ಮನೆಗಳು ಒಂದೊಂದಾಗಿ ಕೆಫೆಗಳಾದವು. ಅಂಗಳದ ಮಾವಿನ ಮರ ಹಾಗೇ ಉಳಿಯಿತು, ಮೊಸಾಯಿಕ್ ನೆಲವೂ ಉಳಿಯಿತು; ನಡುಮನೆಯಲ್ಲಿ ಎಸ್ಪ್ರೆಸೊ ಯಂತ್ರ ಬಂತು. ದೆಹಲಿಯಲ್ಲಿ ಶುರುವಾದ ಬ್ಲೂ ಟೊಕಾಯ್, ಬೆಂಗಳೂರಿನದೇ ಆದ ಥರ್ಡ್ ವೇವ್, ಆಂಧ್ರದ ಆದಿವಾಸಿ ಬೆಳೆಗಾರರ ಬೀಜ ತಂದ ಅರಕು. ಇವರ ಜೊತೆಗೆ ಶೆಡ್ಡಿನಲ್ಲಿ ಒಂದು ಪುಟ್ಟ ರೋಸ್ಟರ್ ಇಟ್ಟುಕೊಂಡು ಹುರಿಯುವ ಹತ್ತಾರು ಹುಡುಗರು. ಇವರೆಲ್ಲರೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದು ತೋಟದ ಹೆಸರನ್ನು, ಸಮುದ್ರಮಟ್ಟದಿಂದ ಅದರ ಎತ್ತರವನ್ನು, ಗಿಡದ ತಳಿಯನ್ನು, ಹಣ್ಣನ್ನು ಹದ ಮಾಡಿದ ಬಗೆಯನ್ನು.

ಇಂದಿರಾನಗರದ ಒಂದು ಕೆಫೆಯಲ್ಲಿ ಕೈಗೆ ಸಿಕ್ಕ ಚೀಟಿಯ ಮೇಲೆ ‘ಎಸ್.795’ ಎಂದು ಓದಿದ ಸಂಜೆ ನನ್ನ ಮನಸ್ಸಿನಲ್ಲಿ ಹಾಗೇ ಇದೆ. ನಮ್ಮ ಮನೆಯಲ್ಲಿ ಅದು ದಿನಬಳಕೆಯ ಮಾತು. ‘ಸೆವೆನ್ ನೈಂಟಿಫೈವ್ ಈ ಸಲ ಚೆನ್ನಾಗಿ ಹೂ ಕಟ್ಟಿದೆ’, ‘ಮೇಲಿನ ತುಂಡಿನ ಸೆವೆನ್ ನೈಂಟಿಫೈವ್‌ಗೆ ಕಾಂಡಕೊರಕ ಬಿದ್ದಿದೆ’ ಎನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ, ಎಲೆತುಕ್ಕಿನ ರೋಗ ತಡೆದುಕೊಳ್ಳಲೆಂದು ಸೃಷ್ಟಿಸಿದ ಗಿಡ ಅದು. ನಲವತ್ತರ ದಶಕದಲ್ಲಿ ಬೆಳೆಗಾರರ ಕೈಸೇರಿತು. ನನ್ನ ಪಾಲಿಗೆ ಅದು ಗಿಡದ ಹೆಸರಾಗಿತ್ತು, ಸಾಲ ತೀರಿಸುವ ಬೆಳೆಯ ಹೆಸರಾಗಿತ್ತು. ಆ ಸಂಜೆ ಅದು ರುಚಿಯ ಹೆಸರೂ ಆಯಿತು. ಹುಡುಗಿಯೊಬ್ಬಳು ಹದಿನೈದು ಗ್ರಾಂ ಪುಡಿಯನ್ನು ಕಾಗದದ ಸೋಸಣಿಗೆ ಹಾಕಿ, ಕುದಿಯಿಂದ ತುಸು ಇಳಿದ ನೀರನ್ನು ಸುತ್ತಿಸುತ್ತಿ ಹೊಯ್ದು, ಹಾಲು ಸಕ್ಕರೆ ಇಲ್ಲದೆ ಕೊಟ್ಟಳು. ಮೊದಲ ಗುಟುಕಿನಲ್ಲಿ ತಿಳಿ ಹುಳಿ, ಆಮೇಲೆ ಬೆಲ್ಲದ ಎಳೆ, ಕೊನೆಗೆ ಏಲಕ್ಕಿಯನ್ನು ನೆನಪಿಸುವ ಘಮ. ನಮ್ಮ ಗಿಡದಲ್ಲಿ ಇಷ್ಟೆಲ್ಲ ಇತ್ತೇ ಎಂದು ಕಣ್ಣು ತುಂಬಿಬಂತು.

ಆಮೇಲೆ ನಾನು ಹುರಿಯುವವರ ಬೆನ್ನು ಹತ್ತಿದೆ. ರಜಾದಿನಗಳಲ್ಲಿ ರೋಸ್ಟರಿಗಳಿಗೆ ಹೋಗಿ, ಕೂರಲು ಬಿಟ್ಟರೆ ಕೂತು ನೋಡುತ್ತಿದ್ದೆ. ತಿರುಗುವ ಡ್ರಮ್ಮಿಗೆ ಹಸಿ ಬೀಜ ಬಿದ್ದರೆ ಮೊದಲು ಹುಲ್ಲಿನ ವಾಸನೆ, ಆಮೇಲೆ ರೊಟ್ಟಿ ಬೇಯುವ ವಾಸನೆ. ಶಾಖ ಇನ್ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಒಳಗಿನ ಹಬೆಯ ಒತ್ತಡಕ್ಕೆ ಬೀಜಗಳು ಚಟಚಟನೆ ಬಿರಿಯುತ್ತವೆ. ಅದರ ನಂತರದ ಒಂದೆರಡು ನಿಮಿಷದಲ್ಲಿ ಹುರಿಯುವವರ ವಿದ್ಯೆಯೆಲ್ಲ ಇದೆ. ಬೇಗ ಹೊರತೆಗೆದರೆ ಹಣ್ಣಿನ ಹುಳಿ, ಹೂವಿನ ಪರಿಮಳ ಉಳಿಯುತ್ತವೆ, ತೋಟದ ಮಣ್ಣು, ಎತ್ತರ, ತಳಿಗಳ ವ್ಯತ್ಯಾಸ ನಾಲಿಗೆಗೆ ಸಿಗುತ್ತದೆ. ಎರಡನೇ ಸಲ ಬಿರಿಯುವವರೆಗೆ ಬಿಟ್ಟರೆ ಎಣ್ಣೆ ಮೇಲೆ ಬಂದು, ಗಾಢ ಕಹಿ ಕೂಡುತ್ತದೆ. ಹಾಲಿಗೆ ಅದೇ ಹಿತ. ಕಪ್ಪಗೆ ಹುರಿದಷ್ಟೂ ಒಂದು ತೋಟಕ್ಕೂ ಇನ್ನೊಂದು ತೋಟಕ್ಕೂ ಇರುವ ಅಂತರ ಕರಗುತ್ತದೆ. ನಮ್ಮ ಕಾಫಿಗೆ ವಿಳಾಸ ಇಲ್ಲದೆ ಇದ್ದುದಕ್ಕೆ ಪೂಲ್ ಒಂದು ಕಾರಣವಾದರೆ, ಬೆಂಕಿ ಇನ್ನೊಂದು ಕಾರಣವಾಗಿತ್ತು.

ಈ ತಿಳಿವಳಿಕೆ ಹೊಸ ಹುಡುಗರಿಂದಲೇ ಶುರುವಾಯಿತೆಂದು ಹೇಳಿದರೆ ಹಿಂದಿನವರಿಗೆ ಅನ್ಯಾಯವಾಗುತ್ತದೆ. ಕಾಫಿ ಬೋರ್ಡಿನಲ್ಲಿ ರುಚಿ ನೋಡುವ ಕೆಲಸಕ್ಕೆ ಸೇರಿ, ಮುಂದೆ ಬೆಂಗಳೂರಿನಲ್ಲೇ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್, ಭಾರತದ ಬೀಜಕ್ಕೆ ತನ್ನದೇ ಗುಣವಿದೆಯೆಂದು ದಶಕಗಳಿಂದ ಲೋಕಕ್ಕೆ ಹೇಳುತ್ತಾ ಬಂದವರು. ಬೆಳೆಗಾರರ ಕೈಗೆ ಅವರದೇ ಕಾಫಿಯ ಬಟ್ಟಲು ಕೊಟ್ಟು, ರುಚಿಯಲ್ಲಿ ಎಲ್ಲಿ ಏನಾಗಿದೆ ಎಂದು ತೋರಿಸಿಕೊಡುವ ಇಂಥ ಹಿರಿಯರು ಇಲ್ಲದಿದ್ದರೆ ಇಂದಿನ ಚೀಟಿಗಳ ಮೇಲೆ ಬರೆಯಲು ಏನೂ ಇರುತ್ತಿರಲಿಲ್ಲ.

ಕಣ್ಣಿನ ಚಿಕಿತ್ಸೆಗೆ ಬೆಂಗಳೂರಿಗೆ ಬಂದಿದ್ದ ಅಪ್ಪಯ್ಯನನ್ನು ಜಯನಗರದ ಒಂದು ಪುಟ್ಟ ರೋಸ್ಟರಿಗೆ ಕರೆದುಕೊಂಡು ಹೋಗಿದ್ದೆ. ಕಾಗದದ ಸೋಸಣಿಯಲ್ಲಿ ನೀರು ಹೊಯ್ದು ಮಾಡಿದ ‘ಪೋರ್ ಓವರ್’ ಕಾಫಿ ತಂದಿಟ್ಟ ಹಾಸನದ ಕಡೆಯ ಹುಡುಗ ತೋಟದ ಹೆಸರು ಹೇಳಿ, ರುಚಿ ವಿವರಿಸತೊಡಗಿದ. ಅಪ್ಪಯ್ಯ ಕಪ್ಪು ಮುಟ್ಟುವ ಮೊದಲೇ, “ಹಸಿ ಬೀಜ ಇದ್ರೆ ಒಂಚೂರು ತೋರ್ಸು ಮಾರಾಯ” ಎಂದರು. ಹುಡುಗ ಒಳಗಿನಿಂದ ಒಂದು ಹಿಡಿ ತಂದು ತಟ್ಟೆಗೆ ಹಾಕಿದ. ಅವರು ಬೀಜಗಳನ್ನು ಬೆರಳಲ್ಲಿ ಸರಿಸುತ್ತಾ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಒಣಗಿಸಿದವರು ಗಡಿಬಿಡಿ ಮಾಡಿಲ್ಲ.”

“ಅದು ನೋಡಿದ್ರೆ ಗೊತ್ತಾಗುತ್ತಾ ಸರ್?”

“ಬಣ್ಣ ಎಲ್ಲಾ ಒಂದೇ ಸಮ ಇದೆ ನೋಡು, ನೀಲಿ ಹಸಿರು. ಕಡು ಬಿಸಿಲಲ್ಲಿ ಅವಸರ ಮಾಡಿದ್ರೆ ಬಿಳಚಿಕೊಳ್ತದೆ. ಇದನ್ನ ಯಾರೋ ಪ್ರೀತಿಯಿಂದ ಕೆದಕಿದ್ದಾರೆ.”

ಹುಡುಗ ಕೆಲಸ ಬಿಟ್ಟು ಎದುರಿಗೆ ಕೂತ. ಬೀಜ ಒಣಗಿತೆಂದು ತಿಳಿಯಲು ಫೋರ್ಲಿಟ್ ಎಂಬ ಅಳತೆಯ ಡಬ್ಬಿಯಲ್ಲಿ ತುಂಬಿ ದಿನವೂ ತೂಗುವುದು, ತೂಕ ಇಳಿಯುವುದು ನಿಂತರೆ ಚೀಲಕ್ಕೆ ತುಂಬುವುದು, ಹಲ್ಲಿಗಿಟ್ಟು ಕಚ್ಚಿ ನೋಡುವುದು. ಅಪ್ಪಯ್ಯ ಹೇಳುತ್ತಾ ಹೋದರು, ಅವನು ಬರೆದುಕೊಳ್ಳುತ್ತಾ ಹೋದ. ಆಮೇಲೆ ಅಪ್ಪಯ್ಯ ಕಾಫಿ ಕುಡಿದರು. ಪೂರ್ತಿ ಕುಡಿದು, “ಹಣ್ಣಿನ ಹುಳಿ ಹಾಗೇ ಉಂಟು. ನಾವು ಬೆಳೆದದ್ದೂ ಹೀಗೇ ಇದ್ದಿರಬೇಕು” ಎಂದರು. ಬೆಳೆದವನಿಗೆ ಬೆಳೆಯ ಪರಿಚಯವಾಗಲು ಒಂದು ಆಯುಷ್ಯವೇ ಹಿಡಿದಿತ್ತು. ನಗರದ ಈ ಹೊಸ ಕೆಫೆಗಳ ಮೇಲೆ ನನಗಿರುವ ಗೌರವದ ಮೂಲ ಆ ಮಧ್ಯಾಹ್ನದಲ್ಲಿದೆ.

ಆದರೆ ಹೆಸರುಗಳ ಈ ಸರಪಳಿ ಇನ್ನೂ ಪೂರ್ತಿಯಾಗಿಲ್ಲ. ಚರ್ಚ್ ಸ್ಟ್ರೀಟಿನ ಬಳಿಯ ಕೆಫೆಯೊಂದರಲ್ಲಿ ಕಾಫಿ ಮಾಡುತ್ತಿದ್ದ ಮಣಿಪುರದ ಹುಡುಗಿಯನ್ನು ಕಾಫಿ ಗಿಡ ನೋಡಿದ್ದೀಯಾ ಎಂದು ಕೇಳಿದೆ. “ಇಲ್ಲ ಮ್ಯಾಮ್, ಫೋಟೋದಲ್ಲಿ ಮಾತ್ರ” ಎಂದಳು. ನಮ್ಮೂರಿನ ಸುತ್ತಮುತ್ತಲ ತೋಟಗಳಲ್ಲಿ ಈಗ ಹಣ್ಣು ಕೊಯ್ಯುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ ಮಂದಿ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ನಿಲ್ಲುವ ಆ ಹೆಂಗಸರು ಕೆಫೆಯ ಒಳಗು ಹೇಗಿರುತ್ತದೆಂದು ಕಂಡವರಲ್ಲ. ಈಶಾನ್ಯದಿಂದ ಸಾವಿರಾರು ಮೈಲಿ ಬಂದ ದುಡಿಮೆ ನಮ್ಮ ಕಾಫಿಯ ಎರಡೂ ತುದಿಯನ್ನು ಹಿಡಿದುಕೊಂಡಿದೆ, ಒಂದು ತುದಿ ಇನ್ನೊಂದನ್ನು ನೋಡಿಲ್ಲ. ಕೊಯ್ಲಿನ ಕಾಲದಲ್ಲಿ ತಮ್ಮ ಕೆಲಸಗಾರರನ್ನು ತೋಟಕ್ಕೆ ಕರೆದೊಯ್ಯುವ ಕೆಲವು ರೋಸ್ಟರಿಗಳಿವೆ. ಅವರನ್ನು ಎಷ್ಟು ಮೆಚ್ಚಿದರೂ ಸಾಲದು.

ಲೆಕ್ಕ ಹಾಕಿದರೆ ಕೊಯ್ಯುವವರ ದುಡಿಮೆ ಎಷ್ಟೆಂದು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಕಿಲೋ ಹಸಿ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ಹುರಿಯುವಾಗ ತೂಕ ಮತ್ತೂ ಇಳಿಯುತ್ತದೆ. ಹದಿನೈದು ಗ್ರಾಂ ಪುಡಿಯ ಒಂದು ಕಪ್ಪಿಗೆ ಸುಮಾರು ನೂರು ಗ್ರಾಂ ಹಣ್ಣು. ಕೆಫೆಯವರು ಬಯಸುವುದು ಪೂರ್ತಿ ಕೆಂಪಾದ ಹಣ್ಣನ್ನು ಮಾತ್ರ. ಅದಕ್ಕಾಗಿ ಒಂದೇ ಗಿಡದ ಬಳಿಗೆ ಮೂರು ನಾಲ್ಕು ಸುತ್ತು ಬರಬೇಕು, ಹಸಿರು ಕಾಯಿಗೆ ಕೈ ತಾಗದಂತೆ ಒಂದೊಂದೇ ಬಿಡಿಸಬೇಕು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹೀಗೆ ಆರಿಸಿ ಕೊಯ್ದರೆ ದಿನದ ತೂಕ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಹೆಚ್ಚಿನ ದರದಿಂದ ತುಂಬಿಕೊಡುವ ತೋಟವೇ ಒಳ್ಳೆಯ ಕಾಫಿಯ ತೋಟ ಎಂದು ನಾನು ನಂಬಿದ್ದೇನೆ. ನಗರದಲ್ಲಿ ಒಂದು ಕಪ್ಪಿಗೆ ಇನ್ನೂರು ಮುನ್ನೂರು ರೂಪಾಯಿ ಕೊಡುವಾಗ ಅದರ ಒಂದಂಶ ಆ ಕೈಗಳಿಗೆ ತಲುಪಬೇಕು.

ಬೆಳೆಯುವ ನೆಲವೂ ಈಗ ಮೊದಲಿನಷ್ಟು ನಿಶ್ಚಿಂತವಾಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ತೋಟಗಳನ್ನೇ ಹೊತ್ತುಕೊಂಡು ಜಾರಿದವು. ಮರುವರ್ಷ ಮೂಡಿಗೆರೆಯ ಕಡೆ ಅದೇ ಗತಿ. ಫೆಬ್ರವರಿ, ಮಾರ್ಚಿನ ಹೂಮಳೆ ತಪ್ಪಿದರೆ ಹೂ ಅರಳುವುದಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣದಲ್ಲಿ ಬೀಜ ಬೂಸ್ಟು ಹಿಡಿಯುತ್ತದೆ. ಬಿಸಿಲು ಏರಿದಂತೆ ಬೆಳೆಗಾರರು ಅರೇಬಿಕಾ ಕಿತ್ತು ರೋಬಸ್ಟಾ ನೆಡುತ್ತಿದ್ದಾರೆ. ಚಿಕೋರಿಯ ಜೊತೆಗೆ ಬೆರೆಸುವ ಅಗ್ಗದ ಬೀಜವೆಂದು ದೂರವಿಟ್ಟಿದ್ದ ರೋಬಸ್ಟಾವನ್ನೂ ಹಣ್ಣಾರಿಸಿ, ತೊಳೆದು, ನಾಜೂಕಾಗಿ ಹುರಿದು ಕೊಡುವ ರೋಸ್ಟರುಗಳು ಬೆಂಗಳೂರಿನಲ್ಲಿ ಬಂದಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಇಲ್ಲಿನ ಅರಮನೆಯಂಗಳದಲ್ಲಿ ವಿಶ್ವ ಕಾಫಿ ಸಮ್ಮೇಳನ ಏಷ್ಯಾದಲ್ಲಿ ಮೊದಲ ಬಾರಿಗೆ ನಡೆದಾಗ, ಕೊಡಗಿನ ರೋಬಸ್ಟಾ ಕುಡಿದು ಹೊರದೇಶದವರು ತಲೆದೂಗುವುದನ್ನು ನೋಡಿದೆ.

ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಬೆಳೆದದ್ದರಲ್ಲಿ ಬಹುಪಾಲು ಹಡಗು ಹತ್ತಿ ಹೊರಗೆ ಹೋಗುತ್ತದೆ. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕಾಫಿ ಕುಡಿಯುವವರಿಗೆ ಗಿಡ ಸಮುದ್ರದಾಚೆಯ ಮಾತು. ಬೆಂಗಳೂರಿಗರು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತೋಟದಲ್ಲಿರಬಹುದು. ಇಷ್ಟು ಕೆಫೆಗಳೂ ಇಷ್ಟು ತೋಟಗಳೂ ಇಷ್ಟು ಹತ್ತಿರವಿರುವ ನಗರಗಳು ಜಗತ್ತಿನಲ್ಲಿ ವಿರಳ. ಈ ಹತ್ತಿರವನ್ನು ನಾವು ಬಳಸಿಕೊಳ್ಳಬೇಕು. ಹೊಸ ಕೆಫೆಗೆ ಹೋದಾಗ ತೋಟ ಯಾವುದು, ತಳಿ ಯಾವುದು ಎಂದು ಕೇಳುವುದರ ಜೊತೆಗೆ, ಹಣ್ಣಾರಿಸಿ ಕೊಯ್ದವರಿಗೆ ಹೆಚ್ಚಿನ ಕೂಲಿ ಸಿಕ್ಕಿತೇ ಎಂದೂ ನಾನು ಈಗ ಕೇಳುತ್ತೇನೆ. ಕೆಲವರಲ್ಲಿ ಉತ್ತರವಿರುತ್ತದೆ, ಕೆಲವರು ವಿಚಾರಿಸಿ ಹೇಳುತ್ತೇವೆ ಎನ್ನುತ್ತಾರೆ. ವಿಚಾರಿಸಿದವರು ಮುಂದಿನ ಸಲ ಹೋದಾಗ ಹೇಳಿದ್ದಾರೆ. ಒಂದು ಕಾಲಕ್ಕೆ ಯಾರೂ ಕೇಳದಿದ್ದ ತೋಟದ ಹೆಸರು ಇಂದು ಪೊಟ್ಟಣಕ್ಕೆ ಬಂದಿದೆ. ಕೇಳುತ್ತಲೇ ಹೋದರೆ ಕೊಯ್ದವರ ಪಾಲಿನ ಮಾತೂ ಅಲ್ಲಿಗೆ ಬಂದೇ ಬರುತ್ತದೆ.